ಉಳಿದ ಹಾಳೆ ಕಟ್ಟಿ ರಫ್ ನೋಟ್‌ಬುಕ್ ಮಾಡಿದ್ದು: ನನ್ನ ಅನುಭವ

ಈ ಸಲ ಶಾಲೆ ಶುರುವಾಗುವಾಗ ನಾನು ಒಂದೂ ರಫ್ ನೋಟ್‌ಬುಕ್ ಕೊಳ್ಳಲಿಲ್ಲ. ಇಬ್ಬರು ಮಕ್ಕಳಿಗೆ ಸೇರಿ 11 ಪುಸ್ತಕ ನಾನೇ ಕಟ್ಟಿದೆ, ಅದೂ ಹೋದ ವರ್ಷದ ನೋಟ್‌ಬುಕ್‌ಗಳಲ್ಲಿ ಖಾಲಿ ಉಳಿದಿದ್ದ ಹಾಳೆಗಳಿಂದ. ಆರು ತಿಂಗಳ ಮೇಲಾಯಿತು, ಒಂದರ ಹಾಳೆಯೂ ಕಿತ್ತು ಬಂದಿಲ್ಲ. ಒಂದು ಪುಸ್ತಕ ನೀರಿನ ಬಾಟಲಿ ಸೋರಿ ಹಾಳಾಯಿತು, ಅದು ನನ್ನ ಲೆಕ್ಕಕ್ಕೆ ಬರಲ್ಲ. "ಅಂಗಡೀಲಿ ಸಿಗೋ ಸಾಮಾನಿಗೆ ಇಷ್ಟು ಒದ್ದಾಟ ಯಾಕಪ್ಪಾ" ಅಂತ ಮೂರು ವರ್ಷದಿಂದ ನಗುತ್ತಿದ್ದ ನಮ್ಮ ಭಾವ ಹೋದ ವಾರ ಫೋನ್ ಮಾಡಿ, "ಆ ಅಂಟು ಯಾವುದು ಸ್ವಲ್ಪ ಹೇಳು" ಅಂದರು. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲು ಎಣಿಕೆ. ವರ್ಷದ ಕೊನೆಯಲ್ಲಿ ಇಬ್ಬರ ಬ್ಯಾಗನ್ನೂ ನೆಲಕ್ಕೆ ಸುರಿದು ಕೂತೆ. ಇಪ್ಪತ್ತು ಚಿಲ್ಲರೆ ನೋಟ್‌ಬುಕ್. ಒಂದರಲ್ಲಂತೂ ಬರೆದದ್ದು ಹೆಸರು, ವಿಷಯ, ಆಮೇಲೆ ಎರಡು ಪುಟ, ಅಷ್ಟೇ. ಖಾಲಿ ಹಾಳೆ ಎಲ್ಲ ಸೇರಿ ಸುಮಾರು 800 ಬಂತು. ದುಡ್ಡು ಕೊಟ್ಟು ತಂದ ಕಾಗದ, ರದ್ದಿಗೆ ಹಾಕಲು ಕೈ ಬರಲಿಲ್ಲ.

ಮೊದಲ ವರ್ಷ ನಾನು ಎಡವಿದ್ದು ಎಲ್ಲರೂ ಎಡವುವ ಕಡೆಯೇ. ಪಿನ್ ಬಿಚ್ಚಿದರೆ ಖಾಲಿ ಹಾಳೆಗಳು ಜೋಡಿ ಜೋಡಿಯಾಗಿ ಬರುತ್ತವೆ, ಮತ್ತೆ ನಡುವೆ ಹೊಲಿದರೆ ಆಯಿತು ಅಂದುಕೊಂಡಿದ್ದೆ. ಬರಲ್ಲ! 100 ಹಾಳೆಯ ಪುಸ್ತಕದಲ್ಲಿ ಮೊದಲ 30 ಬರೆದಿದ್ದರೆ, ಕೊನೆಯ 30 ಖಾಲಿ ಹಾಳೆಗಳು ಆ ಬರೆದ ಹಾಳೆಗಳ ಇನ್ನೊಂದು ಅರ್ಧ. ಪೂರ್ತಿ ಖಾಲಿ ಜೋಡಿ ಸಿಗುವುದು ನಡುವಿನ 40 ಹಾಳೆಗಳಲ್ಲಿ ಮಾತ್ರ. ಅರ್ಧ ದಾಟಿ ಬರೆದಿದ್ದರೆ ಒಂದು ಜೋಡಿಯೂ ಇಲ್ಲ. ನಾನು ಇದು ತಲೆಗೆ ಹೋಗುವ ಮೊದಲೇ ಒಂಬತ್ತು ಪುಸ್ತಕದ ಪಿನ್ ಕಿತ್ತು ಹಾಕಿದ್ದೆ, ರಾತ್ರಿ ಹನ್ನೊಂದು ಗಂಟೆಗೆ, ಮನೆ ತುಂಬಾ ಹಾಳೆ. ಹೆಂಡತಿ ನೋಡಿ ಏನೂ ಹೇಳಲಿಲ್ಲ, ಫ್ಯಾನ್ ಮಾತ್ರ ಆಫ್ ಮಾಡಿದಳು.

ಅಂದರೆ ಬಿಡಿ ಹಾಳೆಯನ್ನೇ ಕಟ್ಟಬೇಕು, ಬೇರೆ ದಾರಿ ಇಲ್ಲ. ಸ್ಟೀಲ್ ಸ್ಕೇಲ್ ಇಟ್ಟು ಕಟ್ಟರ್‌ನಲ್ಲಿ ಕತ್ತರಿಸಿ, ಪಕ್ಕದಿಂದ ಒಂದು ಸೆಂಟಿಮೀಟರ್ ಬಿಟ್ಟು ಐದು ತೂತು ಕೊರೆದು, ದಬ್ಬಳದಲ್ಲಿ ಹೊಲಿದೆ. ಪುಸ್ತಕ ಗಟ್ಟಿಯಾಗಿಯೇ ಆಯಿತು. ಆದರೆ ತೆರೆದು ಇಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತೆ. ಮಗಳು ಒಂದು ಕೈಯಲ್ಲಿ ಪುಸ್ತಕ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬರೆಯಬೇಕಿತ್ತು. ಎರಡು ದಿನ ಸಹಿಸಿಕೊಂಡಳು. ಮೂರನೇ ದಿನ ಆ ಪುಸ್ತಕ ಬ್ಯಾಗಿನಿಂದ ಮಾಯ, ಹುಡುಕಿದರೆ ಮಂಚದ ಕೆಳಗೆ.

ಎರಡನೇ ವರ್ಷ ಹೊಲಿಗೆ ಬಿಟ್ಟು ಅಂಟಿಗೆ ಬಂದೆ. ದುಡ್ಡು ಸುರಿದದ್ದು ಇಲ್ಲೇ. ತಕ್ಷಣ ಅಂಟುವ ಸಣ್ಣ ಟ್ಯೂಬಿನ ಅಂಟು ಗಾಜಿನ ಹಾಗೆ ಗಡುಸಾಗಿ, ಬೆನ್ನು ಬಗ್ಗಿಸಿದ ಕೂಡಲೇ ಟಕ್ ಅಂತ ಒಡೆಯಿತು. ಗ್ಲೂ ಗನ್ ಕೊಂಡೆ, ಅದರ ಅಂಟು ದಪ್ಪಗೆ ಕೂತು ಒಂದೇ ಪಟ್ಟಿಯಾಗಿ ಕಿತ್ತು ಬಂತು. ಗನ್, ಕಡ್ಡಿ, ಹೊಸ ಕಟ್ಟರ್, ಎರಡು ಕ್ಲ್ಯಾಂಪ್ ಎಲ್ಲ ಸೇರಿಸಿದರೆ ಆ ವರ್ಷ ಹೊಸ ನೋಟ್‌ಬುಕ್ ತಂದಿದ್ದರೆ ಆಗುತ್ತಿದ್ದದ್ದರ ಒಂದೂವರೆ ಪಟ್ಟು ಖರ್ಚು. ಭಾವ ನಕ್ಕಿದ್ದು ಸುಮ್ನೆ ಅಲ್ಲ.

ಕೊನೆಗೆ ಕೈ ಹಿಡಿದದ್ದು ಮರಗೆಲಸದವರು ಬಳಸುವ ಬಿಳಿ ಅಂಟು, ಅದೇ ಪಿವಿಎ. ಒಣಗಿದ ಮೇಲೂ ಬಾಗುತ್ತೆ. ಆದರೆ ಕಟ್ಟಿನ ಬೆನ್ನಿಗೆ ಸುಮ್ನೆ ಬಳಿದರೆ ಇದೂ ನಿಲ್ಲಲ್ಲ, ಅಂಟು ಹಾಳೆಯ ಅಂಚಿಗೆ ಮಾತ್ರ ತಾಗುತ್ತೆ. 60 ಹಾಳೆಯ ಕಟ್ಟನ್ನು ಅಂಚು ಸರಿ ಮಾಡಿ ಕ್ಲ್ಯಾಂಪಿಗೆ ಹಾಕುತ್ತೇನೆ, ಬೆನ್ನಿನ ಕಡೆ ಮೂರು ಸೆಂಟಿಮೀಟರ್ ಹೊರಗೆ. ಆ ಭಾಗವನ್ನು ಒಂದು ಪಕ್ಕಕ್ಕೆ ಬಗ್ಗಿಸಿದರೆ ಇಸ್ಪೀಟ್ ಎಲೆ ಹರಡಿದ ಹಾಗೆ ಪ್ರತಿ ಹಾಳೆಯ ಅಂಚೂ ಕೂದಲೆಳೆಯಷ್ಟು ಕಾಣುತ್ತೆ. ಆಗ ತೆಳ್ಳಗೆ ಅಂಟು. ಇನ್ನೊಂದು ಪಕ್ಕಕ್ಕೆ ಬಗ್ಗಿಸಿ ಮತ್ತೆ ಅಂಟು. ನೆಟ್ಟಗೆ ಮಾಡಿ, ಹಳೆ ಹತ್ತಿ ಬಟ್ಟೆಯ ಪಟ್ಟಿ ಬೆನ್ನಿಗೆ ಹಚ್ಚಿ, ರಾತ್ರಿಯೆಲ್ಲ ಭಾರದ ಕೆಳಗೆ. ಬೆಳಿಗ್ಗೆ ತೆರೆದರೆ ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತೆ. ಅಂಗಡಿಯ ಪುಸ್ತಕ ಹೀಗೆ ಮಲಗಲ್ಲ, ಬೇಕಾದರೆ ಪಕ್ಕದಲ್ಲಿಟ್ಟು ನೋಡಿ. ಅಂಟಿಗೆ ಎಷ್ಟು ನೀರು, ಅದರ ಜೊತೆ ಇನ್ನೇನು ಬೆರೆಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳಲ್ಲ. ಎರಡು ವರ್ಷ ಕಳೆದು ಕಲಿತದ್ದು, ಅಷ್ಟಾದರೂ ನನ್ನ ಹತ್ತಿರ ಇರಲಿ.

ಒಂದು ಮಾತ್ರ ಹೇಳಿಬಿಡುತ್ತೇನೆ, ಕಾಗದದ ಎಳೆ ನೋಡಿ. ಡ್ರಾಯಿಂಗ್ ಪುಸ್ತಕದ ದೊಡ್ಡ ಹಾಳೆಗಳನ್ನು ಅರ್ಧ ಮಾಡಿ ಕಟ್ಟಿದ್ದೆ, ಒಣಗಿದ ಮೇಲೆ ಬೆನ್ನಿನ ಉದ್ದಕ್ಕೂ ಅಲೆ ಅಲೆ. ಕಾಗದದ ಎಳೆಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ, ನೀರು ತಾಗಿದರೆ ಅಡ್ಡಕ್ಕೆ ಉಬ್ಬುತ್ತವೆ. ಎಳೆ ಬೆನ್ನಿನ ಜೊತೆ ಸಮನಾಗಿ ಹೋಗಬೇಕು. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿ, ಯಾವ ಕಡೆ ಸುಲಭವಾಗಿ ಬಾಗುತ್ತೋ ಆ ಮಡಿಕೆಯೇ ಎಳೆಯ ದಿಕ್ಕು. ಗೆರೆ ಇರೋದು, ಚೌಕದ್ದು, ಖಾಲಿಯದ್ದು ಬೇರೆ ಬೇರೆ ಮಾಡಿಕೊಳ್ಳುವುದು ನಿಮಗೇ ಗೊತ್ತಿರುತ್ತೆ. ತೆಳು ಹಾಳೆ ಕಟ್ಟಿದ ಪುಸ್ತಕಕ್ಕೆ ಪೆನ್ಸಿಲ್ ಅಥವಾ ಬಾಲ್ ಪೆನ್ ಸಾಕು, ಇಂಕ್ ಪೆನ್ ಹಿಂದಿನ ಪುಟಕ್ಕೆ ಇಳಿಯುತ್ತೆ.

ಇದರಿಂದ ಆದ ಇನ್ನೊಂದು ಲಾಭ ನಾನು ಲೆಕ್ಕ ಹಾಕಿರಲೇ ಇಲ್ಲ, ಬ್ಯಾಗಿನ ಭಾರ. ಎ4 ಅಳತೆಯ 60 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರ್ ಕಾಗದ 60 ಗ್ರಾಂ ತೂಗುವ) ಹಾಳೆ ನೂರು ಸೇರಿದರೆ 370 ಗ್ರಾಂ ಹತ್ತಿರ. ದಪ್ಪ ಪುಸ್ತಕ ನಾಲ್ಕು ಹೊತ್ತರೆ ಅಲ್ಲಿಗೇ ಒಂದೂವರೆ ಕಿಲೋ, ಅದರಲ್ಲಿ ಆ ದಿನ ಬೇಕಾಗುವುದು ಐದೋ ಆರೋ ಹಾಳೆ. ಮಗನನ್ನು ಬ್ಯಾಗ್ ಸಮೇತ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ, ಆಮೇಲೆ ಬ್ಯಾಗ್ ಇಳಿಸಿ ಮತ್ತೆ ನಿಲ್ಲಿಸಿದೆ. ಅವನು 24 ಕಿಲೋ, ಬ್ಯಾಗ್ ನಾಲ್ಕೂವರೆ! ಮೈತೂಕದ ಹತ್ತನೇ ಒಂದು ಭಾಗ ಸಾಕು ಅನ್ನುತ್ತಾರೆ ಅಲ್ವಾ. ಈಗ ವಿಷಯಕ್ಕೊಂದು ದಪ್ಪ ಪುಸ್ತಕದ ಬದಲು ನನ್ನ ತೆಳು ಪುಸ್ತಕ, ಮುಗಿದರೆ ಮನೆಯಲ್ಲಿಟ್ಟು ಇನ್ನೊಂದು. ನೀರಿನ ಬಾಟಲಿ ಅರ್ಧ ತುಂಬಿಸಿ, ಶಾಲೆಯಲ್ಲೇ ಮತ್ತೆ ತುಂಬಿಸಿಕೊಳ್ಳಲು ಹೇಳಿದ್ದೇವೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಇದು ಯಾರಿಗೂ ನೆನಪಾಗಲ್ಲ. ಈಗ ಮೂರು ಕಿಲೋ ಒಳಗೆ ಬಂದಿದೆ, ಇನ್ನೂ ಸ್ವಲ್ಪ ಜಾಸ್ತೀನೇ.

ನಡುವೆ ಪೆನ್ಸಿಲ್ ಸಾಹಸವೂ ಆಯಿತು. ಅಗ್ಗ ಅಂತ ಒಂದೇ ಸಲ 144 ಪೆನ್ಸಿಲ್ ತಂದೆ. ಮೆಂಡರ್‌ಗೆ ಹಾಕಿದರೆ ಒಂದು ಕಡೆ ಮರ ಹಾಗೇ ನಿಲ್ಲುತ್ತೆ, ಮೊನೆ ಬರಲ್ಲ, ಬಂದರೂ ಮುರಿಯುತ್ತೆ. ತುದಿ ತಿರುಗಿಸಿ ನೋಡಿದರೆ ಕಡ್ಡಿ ನಟ್ಟನಡುವೆ ಇಲ್ಲ, ಓರೆಯಾಗಿ ಕೂತಿದೆ. ಅರ್ಧಕ್ಕರ್ಧ ಮೆಂಡರ್ ಹೊಟ್ಟೆಗೇ ಹೋಯಿತು. ಈಗ ಕೊಳ್ಳುವ ಮೊದಲು ತುದಿ ನೋಡುತ್ತೇನೆ, ಅಂಗಡಿಯವರು ಏನಾದರೂ ಅಂದುಕೊಳ್ಳಲಿ. ಉಳಿದ ತುಂಡುಗಳನ್ನು ಎಸೆಯಲಿಲ್ಲ, ಬ್ಯಾಗಿನ ಜಿಪ್ ಹಿಡಿದುಕೊಂಡರೆ ಹಲ್ಲುಗಳ ಮೇಲೆ ಕಡ್ಡಿ ಉಜ್ಜುತ್ತೇನೆ, ಸಲೀಸಾಗಿ ಓಡುತ್ತೆ. ಬಿಳಿ ಬ್ಯಾಗ್‌ಗೆ ಬೇಡ, ಕಪ್ಪಾಗುತ್ತೆ, ಬೈಸಿಕೊಂಡಿದ್ದೇನೆ. ರಬ್ಬರ್‌ನ ಕಾಗದದ ಹೊದಿಕೆ ಕಿತ್ತು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ರಜೆಯಿಡೀ ಬಿಟ್ಟರೆ ಎರಡೂ ಕರಗಿ ಅಂಟಿಕೊಳ್ಳುತ್ತವೆ. ರಬ್ಬರ್ ಮೆತ್ತಗಿರಲಿ ಅಂತ ಹಾಕಿದ ಎಣ್ಣೆಯಂಥ ವಸ್ತು ಡಬ್ಬಿಗೆ ಇಳಿಯುತ್ತೆ, ಅದಕ್ಕೇ ಆ ಹೊದಿಕೆ ಇರೋದು. ನನಗಿದು ಗೊತ್ತಾಗಿದ್ದು ಎರಡು ಡಬ್ಬಿ ಹಾಳಾದ ಮೇಲೆ.

ಈ ವರ್ಷದ ಲೆಕ್ಕ ಬಾಯಲ್ಲೇ ಹೇಳುತ್ತೇನೆ. ಸಲಕರಣೆ ಆಗಲೇ ಇತ್ತು, ಹೊಸದಾಗಿ ಕೊಂಡದ್ದು ಅಂಟು ಮತ್ತು ರಟ್ಟು ಮಾತ್ರ. 11 ಪುಸ್ತಕಕ್ಕೆ ಆದ ಖರ್ಚು ಅಂಗಡಿಯ ಎರಡು ಪುಸ್ತಕದ ಬೆಲೆಗಿಂತ ಕಡಿಮೆ. ಎರಡನೇ ವರ್ಷ ಕಳೆದುಕೊಂಡದ್ದು ಇನ್ನೂ ಪೂರ್ತಿ ಬಂದಿಲ್ಲ, ಮುಂದಿನ ವರ್ಷಕ್ಕೆ ಸರಿಹೋಗಬಹುದು. ನನ್ನ ಕೂಲಿ ಸೇರಿಸಿಲ್ಲ, ಸೇರಿಸಿದರೆ ಭಾವನೇ ಗೆಲ್ಲುತ್ತಾರೆ. ಪುಸ್ತಕಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತೆ. ಕ್ಲಾಸ್ ವರ್ಕ್‌ಗೆ ಶಾಲೆಯವರು ಹೇಳಿದ ಪುಸ್ತಕವನ್ನೇ ತಂದೆವು, ಅಲ್ಲಿ ಹಟ ಮಾಡಲಿಲ್ಲ. ಮಗಳ ಟೀಚರ್ ಮಾತ್ರ ಅವಳ ರಫ್ ಪುಸ್ತಕ ತಿರುಗಿಸಿ ನೋಡಿ, ಇದು ಎಲ್ಲಿ ಸಿಗುತ್ತೆ ಅಂತ ಕೇಳಿದರಂತೆ. "ಅಪ್ಪ ಮಾಡಿದ್ದು" ಅಂದಳಂತೆ, ಅದೇ ಮಂಚದ ಕೆಳಗೆ ಬಿಸಾಡಿದವಳು.

ಈಗ ಮಗ ಎಡಗಡೆ ಖಾಲಿ, ಬಲಗಡೆ ಗೆರೆ ಇರುವ ಪುಸ್ತಕ ಬೇಕು ಅನ್ನುತ್ತಿದ್ದಾನೆ, ಚಿತ್ರ ಬರೆದು ಪಕ್ಕದಲ್ಲಿ ವಿವರ ಬರೆಯಲು. ಒಂದು ಖಾಲಿ, ಒಂದು ಗೆರೆ ಅಂತ ಹಾಳೆ ಜೋಡಿಸಿ ನೋಡಿದೆ, ಎರಡು ಪುಟ ಖಾಲಿ, ಎರಡು ಪುಟ ಗೆರೆ ಬರುತ್ತೆ ಹೊರತು ಎದುರುಬದುರು ಸರಿ ಬೀಳುತ್ತಿಲ್ಲ. ಒಂದೇ ಕಡೆ ಗೆರೆ ಇರುವ ಹಾಳೆ ಬೇಕು. ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕದಲ್ಲಿ ಒಂದು ಪುಟ ಖಾಲಿ ಇರುತ್ತಲ್ಲ, ದೊಡ್ಡ ತರಗತಿಯ ಮಕ್ಕಳಿರುವ ಯಾರಾದರೂ ಹಳೆಯದು ಎಸೆಯುವಂತಿದ್ದರೆ ನನಗೆ ಹೇಳಿ.