ಒಂದು ದಿನ, ಒಂದೇ ಚಾನೆಲ್: ಬಿಬಿಸಿ ಟೂ ನೋಡುವುದು ಹೇಗೆ?

ಮಕ್ಕಳ ಮನೆಗೆ ಅಂತ ಊರಿನಿಂದ ಇಂಗ್ಲೆಂಡಿಗೆ ಬರುವ ಅಪ್ಪ ಅಮ್ಮಂದಿರಿಗೆ ಹಗಲು ಕಳೆಯುವುದೇ ಕಷ್ಟ. ಮಗ ಸೊಸೆ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗು ಶಾಲೆಗೆ. ಹೊರಗೆ ಚಳಿ. ಟಿವಿ ಹಾಕಿಕೊಟ್ಟರೆ ರಾಶಿ ಚಾನೆಲ್, ಒಂದೊಂದನ್ನೂ ಎರಡು ನಿಮಿಷ ನೋಡಿ ಮುಂದೆ ಒತ್ತುತ್ತಾ ಹೋಗುತ್ತಾರೆ, ಯಾವುದೂ ಹಿಡಿಸುವುದಿಲ್ಲ, ಕೊನೆಗೆ ಫೋನಿನಲ್ಲಿ ನಮ್ಮ ಧಾರಾವಾಹಿಗಳೇ ಗತಿ. ಸಾಗರದಿಂದ ಬಂದ ನನ್ನ ಅಮ್ಮನದೂ ಇದೇ ಕತೆಯಾಗಿತ್ತು. ಒಂದು ಶುಕ್ರವಾರ ನಾನು ರಜೆ ಹಾಕಿ, ಬೆಳಗ್ಗೆಯಿಂದ ರಾತ್ರಿವರೆಗೆ ಒಂದೇ ಚಾನೆಲ್ ನೋಡೋಣ, ರಿಮೋಟ್ ಮುಟ್ಟುವುದು ಬೇಡ ಅಂತ ಅವಳ ಜೊತೆ ಕೂತೆ. ಆ ದಿನ ತುಂಬಾ ಚೆನ್ನಾಗಿ ಹೋಯಿತು. ಹಾಗಾಗಿ ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಬೆಳೆದವರಿಗೆ ಇದೇನೂ ಹೊಸದಲ್ಲ. ಭಾನುವಾರದ ಸಿನಿಮಾಕ್ಕೆ ಕಾಯುತ್ತಾ ಕೃಷಿ ಕಾರ್ಯಕ್ರಮವನ್ನೂ ನೋಡಿಬಿಡುತ್ತಿದ್ದೆವು. ಅಡಿಕೆ ಬೆಳೆಯದವರಿಗೂ ಕೊಳೆರೋಗಕ್ಕೆ ಏನು ಹೊಡೆಯಬೇಕು ಅಂತ ಗೊತ್ತಿರುತ್ತಿತ್ತು, ಅಲ್ವಾ?

ಮೊದಲು ಲೈಸೆನ್ಸ್ ನೋಡಿಕೊಳ್ಳಿ

ಬ್ರಿಟನ್ನಿನಲ್ಲಿ ಯಾವುದೇ ಚಾನೆಲ್ಲನ್ನು ನೇರಪ್ರಸಾರದಲ್ಲಿ ನೋಡಲು ಟಿವಿ ಲೈಸೆನ್ಸ್ ಬೇಕು. ಇಂಟರ್ನೆಟ್ಟಿನಲ್ಲಿ ಕಾರ್ಯಕ್ರಮ ನೋಡುವ ಬಿಬಿಸಿಯ ಐಪ್ಲೇಯರ್ ಬಳಸುವುದಕ್ಕೂ ಬೇಕು, ಅದು ಫೋನಿನಲ್ಲಾದರೂ ಸರಿ. 2025ರ ಏಪ್ರಿಲ್‌ನಲ್ಲಿ ಇದು ವರ್ಷಕ್ಕೆ 174.50 ಪೌಂಡ್ ಆಯಿತು. ಕಪ್ಪು ಬಿಳುಪು ಟಿವಿ ಇಟ್ಟುಕೊಂಡವರಿಗೆ ಬೇರೆ ದರ, ಆಗ 58.50 ಪೌಂಡ್ ಆಯಿತು. ಹೌದು, ಅದು ಇನ್ನೂ ಇದೆ! ಒಂದು ಮನೆಗೆ ಒಂದು ಲೈಸೆನ್ಸ್ ಸಾಕು, ಆದ್ದರಿಂದ ಊರಿನಿಂದ ಬಂದವರು ಮಗನ ಮನೆಯಲ್ಲಿ ನೋಡುವುದಕ್ಕೆ ಬೇರೆ ತಗೊಳ್ಳಬೇಕಿಲ್ಲ. ಹಾಸ್ಟೆಲ್ ಕೋಣೆಯಲ್ಲಿರುವ ವಿದ್ಯಾರ್ಥಿಗಳು ಮಾತ್ರ ಸರಿಯಾಗಿ ವಿಚಾರಿಸಿಕೊಳ್ಳಿ. ಲೈಸೆನ್ಸ್ ಇಲ್ಲದೆ ನೋಡಿದರೆ 1,000 ಪೌಂಡ್‌ವರೆಗೂ ದಂಡ ಬೀಳಬಹುದು.

ಬಿಬಿಸಿಯ ಖರ್ಚಿಗೆ ಹೆಚ್ಚಿನ ದುಡ್ಡು ಬರುವುದು ಈ ಲೈಸೆನ್ಸಿನಿಂದಲೇ, ಅದಕ್ಕೇ ಅಲ್ಲಿ ಜಾಹೀರಾತು ಇಲ್ಲ. ಇದರಿಂದ ಮನೆಯಲ್ಲಿ ಒಂದು ತೊಂದರೆ ಇದೆ. ಅರ್ಧ ಗಂಟೆಯ ಕಾರ್ಯಕ್ರಮ ಅಂದರೆ ಹೆಚ್ಚುಕಡಿಮೆ ಪೂರ್ತಿ ಅರ್ಧ ಗಂಟೆ, ನಡುವೆ ಎದ್ದು ಒಲೆ ನೋಡಿ ಬರಲು ಬಿಡುವೇ ಸಿಗುವುದಿಲ್ಲ. ಹಿಂದಿನ ರಾತ್ರಿಯೇ ಸಾರು ಮಾಡಿಟ್ಟುಕೊಳ್ಳಿ.

ಯಾವ ದಿನ ಕೂರಬೇಕು

ನಾನು ಬಿಬಿಸಿ ಟೂ ಆರಿಸಿದ್ದಕ್ಕೆ ಕಾರಣ ಇದೆ. ಬಿಬಿಸಿ ಒನ್ ಎಲ್ಲರಿಗೂ ಬೇಕಾದದ್ದನ್ನು ಕೊಡುತ್ತದೆ. ಟೂ ಹುಟ್ಟಿದ್ದೇ ಉಳಿದದ್ದಕ್ಕೆಲ್ಲ ಜಾಗ ಮಾಡಿಕೊಡಲು. ಅದು ಶುರುವಾಗಬೇಕಿದ್ದದ್ದು 1964ರ ಏಪ್ರಿಲ್ 20ರ ರಾತ್ರಿ. ಅವತ್ತೇ ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಕೇಂದ್ರದಲ್ಲಿ ಬೆಂಕಿ ಬಿದ್ದು ಕರೆಂಟ್ ಹೋಯಿತು, ಸ್ಟುಡಿಯೊ ಕತ್ತಲಾಯಿತು, ಅಂದುಕೊಂಡ ಕಾರ್ಯಕ್ರಮಗಳೆಲ್ಲ ನಿಂತುಹೋದವು. ಹಾಗಾಗಿ ಮರುದಿನ ಬೆಳಗ್ಗೆ ಬಂದ ಪುಟ್ಟ ಮಕ್ಕಳ ಕಾರ್ಯಕ್ರಮ 'ಪ್ಲೇ ಸ್ಕೂಲ್' ಮೊದಲನೆಯದಾಯಿತು. ಸಂಜೆ ಕತ್ತಲ ಸ್ಟುಡಿಯೊದಲ್ಲಿ ನಿರೂಪಕರು ಒಂದು ಮೇಣದಬತ್ತಿ ಆರಿಸಿ ಮಾತು ಶುರುಮಾಡಿದರು. 1965ರಿಂದ ನಾಲ್ಕು ವರ್ಷ ಈ ಚಾನೆಲ್ಲಿನ ಮುಖ್ಯಸ್ಥರಾಗಿದ್ದವರು ಡೇವಿಡ್ ಅಟೆನ್‌ಬರೊ, ನಾವು ಪ್ರಾಣಿಗಳ ಕಾರ್ಯಕ್ರಮಗಳಲ್ಲಿ ನೋಡುವ ಅದೇ ಅಟೆನ್‌ಬರೊ. 1967ರ ಜುಲೈ 1ರಂದು ವಿಂಬಲ್ಡನ್ ಟೆನಿಸ್‌ನಿಂದ ಬ್ರಿಟನ್ನಿನಲ್ಲಿ ಬಣ್ಣದ ಪ್ರಸಾರ ಶುರುವಾದದ್ದೂ ಇದೇ ಚಾನೆಲ್ಲಿನಲ್ಲಿ. 1971ರಿಂದ ಮನೆಯಲ್ಲೇ ಕೂತು ಓದುವವರ ಓಪನ್ ಯೂನಿವರ್ಸಿಟಿಯ ಪಾಠಗಳು ಬಂದವು, ಅವು 2006ರವರೆಗೂ ನಡೆದವು.

ಈಗ ದಿನದ ಮಾತು. ನಿಮಗೆ ಕ್ವಿಜ್ ಇಷ್ಟವಾದರೆ ಸೋಮವಾರ. ಸೀಸನ್ ಇದ್ದಾಗ ಸಂಜೆ ಸಾಲಾಗಿ ಕ್ವಿಜ್‌ಗಳೇ, 'ಮಾಸ್ಟರ್‌ಮೈಂಡ್' ಇದೆ, 'ಯೂನಿವರ್ಸಿಟಿ ಚಾಲೆಂಜ್' ಇದೆ. ಇದರ ಪ್ರಶ್ನೆ ಕೇಳುವ ಅಮೋಲ್ ರಾಜನ್ ಹುಟ್ಟಿದ್ದು ಕೋಲ್ಕತ್ತದಲ್ಲಿ. ರಾಜಕೀಯ ಬೇಕು ಅನ್ನುವವರು ಬುಧವಾರ ಕೂರಿ, ಸಂಸತ್ತು ನಡೆಯುತ್ತಿದ್ದರೆ ಮಧ್ಯಾಹ್ನ ಹನ್ನೆರಡಕ್ಕೆ ಪ್ರಧಾನಿಗೆ ಪ್ರಶ್ನೆ ಕೇಳುವ ಹೊತ್ತು. ಗಿಡ ಬೆಳೆಸುವವರಿಗೆ ಶುಕ್ರವಾರ. ಅಮ್ಮನಿಗೆ ಅಂತ ನಾನು ಏಪ್ರಿಲ್ ಕೊನೆಯ ಶುಕ್ರವಾರ ಆರಿಸಿದೆ.

ಹಿಂದಿನ ದಿನವೇ ರಿಮೋಟಿನ ಗೈಡ್ ಬಟನ್ ಒತ್ತಿ ಪಟ್ಟಿ ನೋಡಿ, ಒಂದು ಹಾಳೆಯಲ್ಲಿ ಸಮಯದ ಜೊತೆ ಬರೆದುಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಪ್ರತಿಯೊಂದರ ಮುಂದೆ ಅದೇನು ಅಂತ ಒಂದೇ ಮಾತು ಸಾಕು: ಹಳೇ ಸಾಮಾನು, ಸುದ್ದಿ, ತೋಟ, ಆಟ. ಊರಿನಿಂದ ಬಂದವರಿಗೆ ಇದು ತುಂಬಾ ಮುಖ್ಯ, ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಕೂತು ನೋಡುವ ತಾಳ್ಮೆ ತಾನಾಗಿ ಬರುತ್ತದೆ.

ಸಬ್‌ಟೈಟಲ್ ಹಾಕಿಕೊಳ್ಳಿ, ಸಂಕೋಚ ಬೇಡ

ಇಲ್ಲಿನ ಇಂಗ್ಲಿಷ್ ಒಂದೇ ಥರ ಇರುವುದಿಲ್ಲ. ಸ್ಕಾಟ್ಲೆಂಡಿನವರ ಮಾತು ಬೇರೆ, ಯಾರ್ಕ್‌ಶೈರಿನದು ಬೇರೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್‌ನಲ್ಲೇ ಕೆಲಸ ಮಾಡಿದವರಿಗೂ ಮೊದಲ ವಾರ ಅರ್ಧಂಬರ್ಧ ಕೇಳುತ್ತದೆ. ರಿಮೋಟಿನಲ್ಲಿ ಅದಕ್ಕೆ ಅಂತಲೇ ಬಟನ್ ಇದೆ. ಒಂದು ವಿಷಯ ಹೇಳಲೇಬೇಕು. 1990ರಲ್ಲಿ ಬಿ.ಆರ್. ಚೋಪ್ರಾ ಅವರ ಮಹಾಭಾರತವನ್ನು ಇದೇ ಬಿಬಿಸಿ ಟೂ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ತೋರಿಸಿತು. ಆಗ ಅವರು ನಮ್ಮ ಭೀಷ್ಮನನ್ನು ಓದಿಕೊಂಡು ನೋಡಿದರು, ಈಗ ನಾವು ಅವರದನ್ನು ಓದಿಕೊಂಡು ನೋಡುವುದು.

ಬೆಳಗ್ಗೆಯಿಂದ ಮಧ್ಯಾಹ್ನ

ಬೆಳಗ್ಗೆ ಹೆಚ್ಚಾಗಿ ಮರುಪ್ರಸಾರ, ಆಮೇಲೆ ಸುದ್ದಿ. ಇದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಸೊಪ್ಪು ಬಿಡಿಸುತ್ತಾ ನೋಡಬಹುದು.

ಮಧ್ಯಾಹ್ನ ನಿಧಾನ ಮಾಡಿ. ಏಪ್ರಿಲ್ ಮೂರನೇ ವಾರದಿಂದ ಮೇ ಮೊದಲ ವಾರದವರೆಗೆ ಹದಿನೇಳು ದಿನ ಸ್ನೂಕರ್ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತದೆ, 1977ರಿಂದ ಶೆಫೀಲ್ಡಿನ ಕ್ರೂಸಿಬಲ್ ಥಿಯೇಟರಿನಲ್ಲಿ. ಗಂಟೆಗಟ್ಟಲೆ ಅದೇ. ಚಾನೆಲ್ ಬದಲಾಯಿಸಬೇಕು ಅನ್ನಿಸುವುದು ಇಲ್ಲೇ, ಬದಲಾಯಿಸಬೇಡಿ. ಮೇಜಿನ ಮೇಲೆ ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು, ಅದರಿಂದ ಉಳಿದ ಚೆಂಡುಗಳನ್ನು ಅಂಚಿನ ಗುಳಿಗಳಿಗೆ ಹಾಕುವ ಆಟ. ಲೆಕ್ಕ ಇಷ್ಟೇ: ಹದಿನೈದು ಕೆಂಪು ಚೆಂಡು, ಒಂದೊಂದಕ್ಕೆ ಒಂದು ಅಂಕ. ಒಂದು ಕೆಂಪು ಹಾಕಿದ ಮೇಲೆ ಒಂದು ಬಣ್ಣದ್ದು ಹಾಕಬೇಕು. ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಬಣ್ಣದ ಚೆಂಡನ್ನು ತೆಗೆದು ಮತ್ತೆ ಅದರ ಜಾಗದಲ್ಲೇ ಇಡುತ್ತಾರೆ, ಕೆಂಪೆಲ್ಲ ಮುಗಿದ ಮೇಲೆ ಬಣ್ಣದವನ್ನು ಇದೇ ಕ್ರಮದಲ್ಲಿ ಹಾಕುತ್ತಾರೆ. ಇಷ್ಟನ್ನು ಹಾಳೆಯ ಹಿಂದೆ ಬರೆದುಕೊಟ್ಟೆ. ಅರ್ಧ ಗಂಟೆಯಾದ ಮೇಲೆ ಅಮ್ಮ, "ಕೆಂಪು ಹಾಕಿದ್ದು ದೊಡ್ಡದಲ್ಲ ಕಣೋ, ಬಿಳಿ ಚೆಂಡು ಎಲ್ಲಿ ನಿಂತಿತು ನೋಡು" ಅಂದಳು. ಆ ಆಟದ ಗುಟ್ಟೇ ಅದು.

ಸ್ನೂಕರ್ ಇಷ್ಟು ಜನಕ್ಕೆ ತಲುಪಿದ್ದರಲ್ಲಿ ಈ ಚಾನೆಲ್ಲಿನ ಪಾಲು ದೊಡ್ಡದು. ಬಣ್ಣದ ಟಿವಿ ಬಂದ ಮೇಲೆ ಅದಕ್ಕೆ ಹೇಳಿಮಾಡಿಸಿದ ಆಟ ಇದು ಅಂತ 1969ರಲ್ಲಿ 'ಪಾಟ್ ಬ್ಲ್ಯಾಕ್' ಶುರುಮಾಡಿದರು. 1985ರ ಫೈನಲ್ ನಡುರಾತ್ರಿ ದಾಟಿ, ಕೊನೆಯ ಫ್ರೇಮಿನ, ಅಂದರೆ ಕೊನೆಯ ಸುತ್ತಿನ, ಕೊನೆಯ ಕಪ್ಪು ಚೆಂಡಿನವರೆಗೂ ಹೋಯಿತು. ಡೆನ್ನಿಸ್ ಟೇಲರ್ ಸ್ಟೀವ್ ಡೇವಿಸ್‌ರನ್ನು ಸೋಲಿಸಿದ್ದನ್ನು 1 ಕೋಟಿ 85 ಲಕ್ಷ ಜನ ಎದ್ದು ಕೂತು ನೋಡಿದರು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಪ್ರಶಸ್ತಿಗಳನ್ನು ಗೆದ್ದವರು. ಆದರೂ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಈ ಆಟ ಕೂತು ನೋಡಿದ್ದಾರೆ?

ಸಂಜೆಗೆ ಕಾಯಿರಿ

ಆಟ ಬೆಳೆದರೆ ಉಳಿದವು ಹಿಂದೆ ಮುಂದೆ ಆಗುತ್ತವೆ, ಹಾಳೆಯಲ್ಲಿ ತಿದ್ದಿಕೊಳ್ಳಿ. ಶುಕ್ರವಾರ ಸಂಜೆಯ 'ಗಾರ್ಡನರ್ಸ್ ವರ್ಲ್ಡ್' 1968ರಿಂದ ಬರುತ್ತಿದೆ. ಇಷ್ಟು ವರ್ಷ ಒಂದು ತೋಟದ ಕಾರ್ಯಕ್ರಮ ನಡೆಸುವುದು ಅಂದರೆ ಸುಮ್ನೆ ಅಲ್ಲ. ಅವಸರ ಇಲ್ಲ, ಜೋರು ಸಂಗೀತ ಇಲ್ಲ, ಮಣ್ಣು ಕೈಯಲ್ಲಿ ಹಿಡಿದು ತೋರಿಸುತ್ತಾರೆ.

ಅವತ್ತು ಒಂದು ಕುಂಡ ತಂದಿಟ್ಟು, ಮಣ್ಣು ಮೆತ್ತಿದ ಗೆಡ್ಡೆಗಳ ಗೊಂಚಲನ್ನು ಅದರಲ್ಲಿ ಕೂರಿಸುತ್ತಿದ್ದರು. ಕಡ್ಡಿಯ ಹಳೆಯ ಬುಡ ಮೇಲಕ್ಕೆ, ಗೆಡ್ಡೆ ಕೆಳಗೆ. ಅಮ್ಮ ಕುರ್ಚಿಯಿಂದ ಎದ್ದು ಟಿವಿಯ ಹತ್ತಿರ ಹೋದಳು.

"ಇದು ನಮ್ಮ ಡೇರೆ ಅಲ್ವೇನೋ!"

ಹೌದು, ಡೇಲಿಯಾ, ಮಲೆನಾಡಿನ ಡೇರೆ. ಇಲ್ಲಿ ಹಿಮ ಬಿದ್ದರೆ ಗಿಡ ಸಾಯುತ್ತದೆ ಅಂತ ಅನೇಕರು ಗೆಡ್ಡೆ ಕಿತ್ತು ಚಳಿಗಾಲವೆಲ್ಲ ಒಳಗಿಟ್ಟು, ಮೇ ಕೊನೆಯ ಹೊತ್ತಿಗೆ ಹೊರಗೆ ನೆಡುತ್ತಾರೆ. ಅಮ್ಮನೂ ಗೆಡ್ಡೆ ಎತ್ತಿಟ್ಟು, ಬೇಸಿಗೆ ಕಳೆಸಿ, ಮಳೆ ಹಿಡಿಯುವ ಮೊದಲು ಅಂಗಳದಲ್ಲಿ ನೆಡುತ್ತಾಳೆ. ಎರಡೂ ಕಡೆ ನೆಡುವ ಕಾಲ ಹೆಚ್ಚುಕಡಿಮೆ ಒಂದೇ. ಇದನ್ನು ಹೇಳಿದ ಮೇಲೆ ಅವಳು ಸಬ್‌ಟೈಟಲ್ ಕಡೆ ನೋಡಲೇ ಇಲ್ಲ, ಕೈಗಳನ್ನಷ್ಟೇ ನೋಡಿದಳು. "ಅಷ್ಟೊಂದು ನೀರು ಹಾಕಬಾರದು, ಕೊಳೆಯುತ್ತೆ" ಅಂತ ಎರಡು ಸಲ ಹೇಳಿದಳು.

ರಾತ್ರಿ

ಒಂಬತ್ತು ಗಂಟೆ ನೆನಪಿರಲಿ. ಮಕ್ಕಳಿಗೆ ಹೊಂದದ ದೃಶ್ಯಗಳು, ಬೈಗುಳಗಳು ಇರುವಂಥವನ್ನು ಒಂಬತ್ತರ ನಂತರವೇ ಹಾಕಬೇಕು ಅನ್ನುವ ನಿಯಮ ಇದೆ, ಹಾಗಾಗಿ ಅಷ್ಟರೊಳಗೆ ಮೊಮ್ಮಕ್ಕಳು ಮಲಗಿರಲಿ. ವಾರದ ದಿನಗಳಲ್ಲಿ ಹತ್ತೂವರೆಗೆ 'ನ್ಯೂಸ್‌ನೈಟ್', 1980ರಿಂದ ಇದೆ. ಅಂದಿನ ಒಂದೆರಡು ವಿಷಯ ಹಿಡಿದು ಸಂಬಂಧಪಟ್ಟವರನ್ನು ಎದುರು ಕೂರಿಸಿ ಕೇಳುತ್ತಾರೆ. ಆರು ಜನ ಒಟ್ಟಿಗೆ ಕೂಗಾಡುವ ಚರ್ಚೆ ನೋಡಿ ಬೇಸತ್ತವರು ಇದನ್ನು ಒಮ್ಮೆ ನೋಡಲೇಬೇಕು.

ನಿದ್ದೆ ಬಾರದವರು ನಡುರಾತ್ರಿ ದಾಟಿದ ಮೇಲೂ ಕೂರಬಹುದು. ಕೆಲವು ಕಾರ್ಯಕ್ರಮಗಳನ್ನು ಕಿವಿ ಕೇಳದವರಿಗಾಗಿ ಮತ್ತೆ ಹಾಕುತ್ತಾರೆ, ಪರದೆಯ ಒಂದು ಬದಿಯಲ್ಲಿ ಒಬ್ಬರು ನಿಂತು ಎಲ್ಲವನ್ನೂ ಕೈಸನ್ನೆಯಲ್ಲಿ ಹೇಳುತ್ತಾರೆ. ನನಗೆ ಈ ಚಾನೆಲ್ ಮೇಲೆ ಗೌರವ ಹೆಚ್ಚಿದ್ದು ಇದನ್ನು ನೋಡಿ.

ನಡುವೆ ಕಣ್ಣು ಮುಚ್ಚಿದರೆ ಚಿಂತೆ ಬೇಡ. ಬಿಟ್ಟುಹೋದ ಕಾರ್ಯಕ್ರಮದ ಮುಂದೆ ಹಾಳೆಯಲ್ಲಿ ಗುರುತು ಹಾಕಿ, ಮರುದಿನ ಐಪ್ಲೇಯರಿನಲ್ಲಿ ಹುಡುಕಿ, ಹೆಚ್ಚಿನವು ಸಿಗುತ್ತವೆ. ಊರಿಗೆ ಹೋದ ಮೇಲೆ ನೋಡೋಣ ಅಂತ ಮಾತ್ರ ಇಟ್ಟುಕೊಳ್ಳಬೇಡಿ, ಅದು ಬ್ರಿಟನ್ನಿನ ಹೊರಗೆ ನಡೆಯುವುದಿಲ್ಲ. ಅಮ್ಮ ಶನಿವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಆ ಡೇರೆಯ ಭಾಗವನ್ನೇ ಮತ್ತೆ ಹಾಕಿಸಿಕೊಂಡಳು. ಊರಲ್ಲಿದ್ದ ಚಿಕ್ಕಮ್ಮನಿಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ಟಿವಿಯ ಕಡೆ ತಿರುಗಿಸಿ ಹಿಡಿದಳು.