ಐದು ವಾರ ಯಾರಿಗೂ ಕನ್ನಡ ಮಾತಾಡಿ ಅನ್ನಲಿಲ್ಲ

ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಪ್ರತಿ ಶನಿವಾರ ಹಿಂದಿ, ಬಂಗಾಳಿ ಮಾತಾಡುವವರಿಗೆ ಕನ್ನಡ ಹೇಳಿಕೊಡುತ್ತೇನೆ. "ಬಾಯಿ ಬಿಡಿಸದೆ ಭಾಷೆ ಬರುತ್ತಾ ಮೇಡಂ?" ಅಂತ ಜೊತೆಯ ಟೀಚರ್‌ಗಳೇ ಕೇಳಿದ್ದರು. ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಬ್ಯಾಚು ಪೂರ್ತಿ ಕೆಟ್ಟಿತು. ವಿಭಕ್ತಿ, ಕ್ರಿಯಾಪದದ ಪಟ್ಟಿ ಸೇರಿಸಿ 100 ಪುಸ್ತಿಕೆ ಅಚ್ಚು ಹಾಕಿಸಿದ್ದೆ. ಹತ್ತಿರ ಹತ್ತಿರ 7 ಸಾವಿರ ಹೋಯಿತು. 14 ಜನ ಸೇರಿದ್ದರು, ಎರಡು ತಿಂಗಳಿಗೆ ಉಳಿದದ್ದು 4. ಒಬ್ಬರು ಆಟೋದವರಿಗೆ "ನಾನು ಮಲ್ಲೇಶ್ವರಕ್ಕೆ ಹೋಗುತ್ತೇನೆ" ಅಂತ ಪುಸ್ತಕದ ಹಾಗೇ ಹೇಳಿದರಂತೆ. ಅವರು ನಕ್ಕು ಹಿಂದಿಯಲ್ಲೇ ಉತ್ತರ ಕೊಟ್ಟರಂತೆ. ಆ ಪುಸ್ತಿಕೆಗಳು ಈಗಲೂ ಅಟ್ಟದ ಮೇಲಿವೆ.

ಎರಡನೇ ಬ್ಯಾಚಿಗೆ ದಾರಿ ಬದಲಿಸಿದೆ. ಮೊದಲು ಕೇಳಿ ಅರ್ಥವಾಗಲಿ, ಮಾತು ತಾನೇ ಬರಲಿ ಅಂತ ಅಮೆರಿಕದಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದ ಟ್ರೇಸಿ ಟೆರೆಲ್ 1977ರಲ್ಲೇ ಹೇಳಿದ್ದರು. ಅದನ್ನೇ ಹಿಡಿದೆ. ಕಷ್ಟ ಇರುವುದು ಟೀಚರ್‌ಗೆ. ಒಂದೂವರೆ ಗಂಟೆ ನಾನೊಬ್ಬಳೇ ಮಾತಾಡಬೇಕು, ಅದೂ ಒಂದೇ ಒಂದು ಹಿಂದಿ ಪದ ಇಲ್ಲದೆ. ಒಮ್ಮೆ ಜಾರಿದರೆ ಮುಗಿಯಿತು, ಆಮೇಲೆ ಎಲ್ಲರೂ ಹಿಂದಿಗೇ ಕಾಯುತ್ತಾರೆ. ಗಂಟಲು ಕಟ್ಟಿ ಎರಡು ವಾರ ಬಿಸಿನೀರು ಕುಡಿದೆ.

ಆರನೇ ವಾರ ಚಿತ್ರಾನ್ನ ಮಾಡಿಸಿದೆ. "ಈರುಳ್ಳಿ ಹೆಚ್ಚಿ. ಇಷ್ಟು ದಪ್ಪ ಬೇಡ, ಸಣ್ಣಗೆ. ಸಾಸಿವೆ ಸಿಡಿಯಿತಾ? ಈಗ ಕರಿಬೇವು ಹಾಕಿ." ಅಲ್ಲಿಯವರೆಗೆ ಬಾಯೇ ತೆರೆಯದಿದ್ದ ಕೋಲ್ಕತ್ತದ ಹುಡುಗಿ ಒಂದು ತುತ್ತು ತಿಂದು, "ಉಪ್ಪು ಜಾಸ್ತಿ ಆಯ್ತು" ಅಂದಳು. ಆ ವಾಕ್ಯವನ್ನು ನಾನು ಪಾಠ ಮಾಡಿರಲೇ ಇಲ್ಲ. ನನಗೆ ಕಣ್ಣು ತುಂಬಿ ಬಂತು.

ತಪ್ಪು ತಿದ್ದುವುದನ್ನೂ ಬಿಟ್ಟೆ. "ನಾನು ಕಾಫಿ ಬೇಕು" ಅಂದರೆ, "ಓ, ನಿಮಗೆ ಕಾಫಿ ಬೇಕಾ? ನನಗೂ ಬೇಕು" ಅನ್ನುತ್ತೇನೆ, ಅಷ್ಟೇ. ಮೂರು ನಾಲ್ಕು ವಾರದಲ್ಲಿ 'ನನಗೆ' ತಾನಾಗಿ ಬಂದು ಕೂತಿತು. 'ಳ' ಮಾತ್ರ ಇನ್ನೂ 'ಲ' ಆಗಿಯೇ ಇದೆ. ಇರಲಿ.

ನಡುವೆ ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಕರೆದುಕೊಂಡು ಹೋಗಿ ಕೈ ಸುಟ್ಟುಕೊಂಡೆ. ಇವರು ತಡವರಿಸಿದ ಕೂಡಲೇ ಅಂಗಡಿಯವರೆಲ್ಲ ಹಿಂದಿ ಶುರು ಮಾಡಿದರು. ಮುಂದಿನ ಸಲ ನಾನೇ ಮುಂಚೆ ಹೋಗಿ ಹೂವಿನ ಅಜ್ಜಿ ಹತ್ತಿರ ಮಾತಾಡಿ ಬಂದೆ. ಅವರಿಗೆ ಏನು ಹೇಳಿಕೊಟ್ಟೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. 12 ಜನರಲ್ಲಿ 9 ಮಂದಿ ಕನ್ನಡದಲ್ಲೇ ಚೌಕಾಸಿ ಮಾಡಿ ಮೊಳ ಹೂವು ತಂದರು.

ಈ ಬ್ಯಾಚಿನಲ್ಲಿ ಬಿಟ್ಟುಹೋದವರು ಒಬ್ಬರೇ. ತಲೆಗೆ ತಿಂಗಳಿಗೆ 1,200 ರೂಪಾಯಿ. ತರಕಾರಿ, ಗ್ಯಾಸು ಎಲ್ಲ ಕಳೆದರೂ ಪುಸ್ತಿಕೆಯ ದುಡ್ಡು ವಾಪಸ್ ಬಂತು. ಮೂರನೇ ಬ್ಯಾಚಿಗೆ ಹೆಸರು ಕೊಟ್ಟವರಲ್ಲಿ, ಅವತ್ತು ಹಾಗೆ ಕೇಳಿದ್ದ ಟೀಚರ್ ಒಬ್ಬರ ಅಳಿಯನೂ ಇದ್ದಾರೆ.