ಹಳೇ ಸೆನ್ಸರು, ಹೊಸ ಪ್ಯಾನೆಲ್ಲು: ಅಮೆರಿಕದಲ್ಲಿ ಮನೆ ಕೊಂಡವರಿಗೆ

ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿ ವಾರ ಕಳೆದಿರುವುದಿಲ್ಲ, ಅಲಾರಂ ಮಾರುವವರು ಬಂದು ಬಾಗಿಲು ತಟ್ಟುತ್ತಾರೆ. ಇಲ್ಲಿ ಹಳೆಯ ಮನೆ ಕೊಂಡರೆ ಬಾಗಿಲು, ಕಿಟಕಿಗಳ ಅಂಚಿಗೆ ಅಂಟಿಕೊಂಡ ಬಿಳಿ ಡಬ್ಬಿಗಳೂ ಮನೆಯ ಜೊತೆಗೇ ಬರುತ್ತವೆ. ಹಿಂದಿನವರು ಬಿಟ್ಟುಹೋದ, ಬಾಗಿಲು ತೆರೆದರೆ ಅಲಾರಮ್ಮಿಗೆ ಸುದ್ದಿ ಕೊಡುವ ಸೆನ್ಸರುಗಳು. ನಮ್ಮಲ್ಲಿ 14 ಇದ್ದವು. ಬಂದಾತ ಸೋಫಾದಿಂದ ಏಳದೆಯೇ "ಇವು ಯಾವುವೂ ಕೆಲಸಕ್ಕೆ ಬರಲ್ಲ, ಎಲ್ಲ ಹೊಸದು ಹಾಕಬೇಕು" ಎಂದು ಮೂರು ವರ್ಷದ ಕರಾರು ಮುಂದಿಟ್ಟ. ನಾನು ಸಹಿ ಹಾಕಲಿಲ್ಲ. ಹಾಗಂತ ಜಾಣತನವನ್ನೇನೂ ತೋರಿಸಲಿಲ್ಲ. ನೋಡಲು ಥೇಟ್ ಅದೇ ಥರ ಇದ್ದ ಮೂರು ಸೆನ್ಸರುಗಳನ್ನು ಆನ್‌ಲೈನಲ್ಲಿ ತರಿಸಿದೆ. ಬಾಗಿಲನ್ನು ಎಷ್ಟು ಸಲ ತೆಗೆದು ಹಾಕಿದರೂ ಅಲಾರಮ್ಮಿನ ಮಿದುಳಾದ ಪ್ಯಾನೆಲ್ ತುಟಿಪಿಟಕ್ಕೆನ್ನಲಿಲ್ಲ. ಮನೆಯದರ ರೇಡಿಯೋ ಫ್ರೀಕ್ವೆನ್ಸಿ 345 ಮೆಗಾಹರ್ಟ್ಸ್, ನಾನು ತರಿಸಿದ್ದರದು 319.5.

ವೈರ್‌ಲೆಸ್ ಸೆನ್ಸರ್ ಅಂದರೆ ಪುಟ್ಟ ರೇಡಿಯೋ. ಅದು ಹೇಳಿದ್ದನ್ನು ಕೇಳಿಸಿಕೊಳ್ಳುವುದು ಪ್ಯಾನೆಲ್ಲಿನ ರಿಸೀವರ್. ಇಬ್ಬರದೂ ಒಂದೇ ಫ್ರೀಕ್ವೆನ್ಸಿ ಆಗಿರಬೇಕು, ಒಂದೇ ಭಾಷೆಯೂ ಆಗಿರಬೇಕು. ಅಮೆರಿಕದಲ್ಲಿ ಇದಕ್ಕೊಂದು ಸಾರ್ವತ್ರಿಕ ಕ್ರಮವಿಲ್ಲ, ಕಂಪನಿಗೊಂದು ದಾರಿ. ಹನಿವೆಲ್‌ನ 5800 ಸರಣಿ, ಟೂಗಿಗ್‌ನ ಸೆನ್ಸರುಗಳು 345. ಜಿಇ, ಆಮೇಲೆ ಇಂಟರ್‌ಲಾಜಿಕ್ಸ್ ಹೆಸರಿನಲ್ಲಿ ಬಂದವು 319.5. ಡಿಎಸ್‌ಸಿಯ ಹಳೆಯವು 433, ಅದರದೇ ಹೊಸ ಪವರ್‌ಜಿ ಸರಣಿ 915ರ ಆಸುಪಾಸು. ಡಬ್ಬಿಯ ಮೇಲಿನ ಹೆಸರನ್ನು ನಂಬಿ ಕೂರಬೇಡಿ. ಹನಿವೆಲ್‌ನ ಮನೆ ವಿಭಾಗ 2018ರಲ್ಲಿ ರೆಸಿಡಿಯೋ ಅಂತ ಬೇರೆಯಾಯಿತು, ಇಂಟರ್‌ಲಾಜಿಕ್ಸ್ 2019ರಲ್ಲಿ ಇಲ್ಲಿನ ವಹಿವಾಟು ಮುಚ್ಚುವುದಾಗಿ ಹೇಳಿತು. ಹೆಸರು ಹೋದರೂ ಸೆನ್ಸರು ಗೋಡೆಯ ಮೇಲೇ ಇದೆ, ಅದರ ಫ್ರೀಕ್ವೆನ್ಸಿಯೂ ಬದಲಾಗಿಲ್ಲ.

ಹಾಗಾಗಿ ಮೊದಲ ಕೆಲಸ, ಮುಚ್ಚಳ ತೆಗೆಯುವುದು. ಅಲಾರಂ ಕೂಗಿದರೆ ಸುದ್ದಿ ಪಡೆಯುವ ಮಾನಿಟರಿಂಗ್ ಕಂಪನಿಯ ಸೇವೆ ಚಾಲ್ತಿಯಲ್ಲಿದ್ದರೆ ಅವರಿಗೆ ಫೋನ್ ಮಾಡಿ ಟೆಸ್ಟ್ ಮೋಡಿಗೆ ಹಾಕಿಸಿ. ಇಲ್ಲದಿದ್ದರೆ ಮುಚ್ಚಳ ಬಿಚ್ಚಿದ್ದಕ್ಕೇ ಸೈರನ್ ಕೂಗೀತು. ತುಂಬ ಮನೆಗಳಲ್ಲಿ ಕಾಣುವ ಹನಿವೆಲ್ 5816 ತೆಗೆದುಕೊಳ್ಳಿ. ಒಳಗೆ ಗಿಡ್ಡನೆಯ ಸಿಆರ್123ಎ ಬ್ಯಾಟರಿ, ಪಕ್ಕದಲ್ಲಿ ಏಳಂಕಿಯ ಸೀರಿಯಲ್ ನಂಬರಿನ ಚೀಟಿ. ಪ್ಯಾನೆಲ್ಲಿಗೆ ಕಲಿಸಬೇಕಾದದ್ದು ಆ ನಂಬರನ್ನು. ಅದರ ಜೊತೆ ಲೂಪ್, ಅಂದರೆ ಸೆನ್ಸರಿನೊಳಗಿನ ಯಾವ ಸ್ವಿಚ್ಚು, ಎಷ್ಟನೆಯದೆಂದು ಪ್ಯಾನೆಲ್ ಕೇಳುತ್ತದೆ. ಬಾಗಿಲ ಅಯಸ್ಕಾಂತಕ್ಕೆ ಸ್ಪಂದಿಸುವುದು ಲೂಪ್ 2. ಲೂಪ್ 1 ಇರುವುದು ಒಳಗಿನ ಸ್ಕ್ರೂಗಳಿಗೆ ಹೊರಗಿನಿಂದ ವೈರು ಎಳೆದುಕೊಳ್ಳುವವರಿಗೆ. ನಾನು 1 ಅಂತ ಒತ್ತಿ ಇಡೀ ಭಾನುವಾರ ಕಳೆದೆ.

ಇಂಥ ಹಳೇ ಸೆನ್ಸರುಗಳು ಮಾತಾಡುತ್ತವೆ, ಕೇಳಿಸಿಕೊಳ್ಳುವುದಿಲ್ಲ. ಯಾವ ಪ್ಯಾನೆಲ್ ತನ್ನನ್ನು ಕೇಳುತ್ತಿದೆ ಎಂಬುದೂ ಅವಕ್ಕೆ ಗೊತ್ತಿಲ್ಲ. ಆದ್ದರಿಂದ "ಹಳೇ ಕಂಪನಿಯವರು ಸೆನ್ಸರ್ ಬಿಡಿಸಿಕೊಡಬೇಕು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಂಬರ್ ಕಲಿಸಿದರೆ ಮುಗಿಯಿತು. ಪವರ್‌ಜಿ ಮಾತ್ರ ಬೇರೆ ಜಾತಿ. ಎರಡೂ ಕಡೆ ಮಾತುಕತೆ, ಜೊತೆಗೆ ಎನ್‌ಕ್ರಿಪ್ಷನ್, ಅಂದರೆ ಗುಪ್ತ ಸಂಕೇತದ ಮಾತು. ಅದನ್ನು ಹಳೇ ಪ್ಯಾನೆಲ್ಲಿನಿಂದ ಅಳಿಸಬೇಕು, ಇಲ್ಲವೇ ಸೆನ್ಸರನ್ನೇ ರೀಸೆಟ್ ಮಾಡಬೇಕು.

ಇನ್ನು ಕೇಳುವವನ, ಅಂದರೆ ಪ್ಯಾನೆಲ್ಲಿನ, ಕಡೆ. ಕ್ಲೋಸೆಟ್ಟಿನಲ್ಲಿ ತಗಡಿನ ಪೆಟ್ಟಿಗೆಯಿದ್ದು ಒಳಗೆ ಹನಿವೆಲ್‌ನ ವಿಸ್ಟಾ-20ಪಿ ಇದ್ದರೆ, ಆ ಬೋರ್ಡಿಗೆ ಸ್ವಂತ ರೇಡಿಯೋ ಇಲ್ಲ. 5881 ಎಂಬ ಪ್ರತ್ಯೇಕ ರಿಸೀವರ್ ಅಥವಾ ರೇಡಿಯೋ ಇರುವ 6160ಆರ್‌ಎಫ್ ಕೀಪ್ಯಾಡ್ ಅದರ ಕಿವಿ. 5881ರಲ್ಲೂ ದರ್ಜೆಗಳಿವೆ: ಕೊನೆಗೆ ಎಲ್ ಅಂತಿದ್ದರೆ 8 ಜೋನ್ (ಸೆನ್ಸರಿಗೊಂದು ಜಾಗ ಅನ್ನಿ), ಎಂ ಇದ್ದರೆ 16. ಎಲ್ಲ ಸರಿಯಿದ್ದೂ ಒಂಬತ್ತನೇ ಸೆನ್ಸರು ಹಟ ಹಿಡಿದರೆ ಈ ಅಕ್ಷರವನ್ನು ನೋಡಿ. ಹೊಸ ಪ್ಯಾನೆಲ್ ಕೊಳ್ಳುವುದಾದರೆ ಕ್ವಾಲ್‌ಸಿಸ್ ಐಕ್ಯೂ ಪ್ಯಾನೆಲ್ 4 ಪವರ್‌ಜಿ ಜೊತೆಗೆ 345, 319.5, 433ರಲ್ಲಿ ಒಂದಕ್ಕೆ ಕಿವಿಗೊಡುವ ಬೇರೆ ಬೇರೆ ಮಾದರಿಗಳಲ್ಲಿ ಸಿಗುತ್ತದೆ. ಆರ್ಡರ್ ಮಾಡುವಾಗ ನಿಮ್ಮ ಮನೆಯದನ್ನೇ ಆರಿಸಿಕೊಳ್ಳಿ.

ಸೆನ್ಸರಿನಿಂದ ಗೋಡೆಯೊಳಕ್ಕೆ ವೈರು ಹೋಗಿದ್ದರೆ ನಿಮ್ಮದು ಅದೃಷ್ಟದ ಮನೆ. ಅಲ್ಲಿ ಫ್ರೀಕ್ವೆನ್ಸಿಯ ತಂಟೆಯೇ ಇಲ್ಲ. ವೈರಿನ ಕೊನೆಯಲ್ಲಿ ಹಾಕುವ ರೆಸಿಸ್ಟರ್ ಎಂಬ ಪುಟ್ಟ ಬಿಡಿಭಾಗ ಮಾತ್ರ ಪ್ಯಾನೆಲ್ಲಿಗೆ ತಕ್ಕದ್ದೇ ಎಂದು ಗಮನಿಸಿ: ಹನಿವೆಲ್‌ಗೆ 2000 ಓಮ್, ಡಿಎಸ್‌ಸಿಗೆ 5600. ವೈರಿನ ಸೆನ್ಸರುಗಳನ್ನು ವೈರ್‌ಲೆಸ್ ಪ್ಯಾನೆಲ್ಲಿಗೆ ಸೇರಿಸಲು ಹನಿವೆಲ್ 5800ಸಿ2ಡಬ್ಲ್ಯುನಂಥ ಪೆಟ್ಟಿಗೆ ಸಿಗುತ್ತದೆ, 9 ಜೋನ್ ಹಿಡಿಸುತ್ತದೆ.

ಮನೆಯೊಳಗೆ ಎಲ್ಲ ಸರಿಯಿದ್ದು ಮಾನಿಟರಿಂಗ್ ಕಂಪನಿಗೆ ಸುದ್ದಿ ಮುಟ್ಟದಿದ್ದರೆ ಅದು ಸೆನ್ಸರಿನ ತಪ್ಪಲ್ಲ. ಎಟಿ ಅಂಡ್ ಟಿ 2022ರ ಫೆಬ್ರುವರಿಯಲ್ಲಿ, ವೆರೈಜನ್ ಆ ವರ್ಷದ ಕೊನೆಗೆ 3ಜಿ ನಿಲ್ಲಿಸಿದವು. ಪ್ಯಾನೆಲ್ಲಿನ ಸುದ್ದಿಯನ್ನು ಹೊರಗೆ ಮುಟ್ಟಿಸುವ ಸೆಲ್ಯುಲರ್ ಪೆಟ್ಟಿಗೆ ಆ 3ಜಿಯದೇ ಆಗಿದ್ದರೆ ಯಾರಿಗೂ ಫೋನ್ ಮಾಡಲಾರದು. ಅದೊಂದನ್ನು ಬದಲಿಸಿದರೆ ಸಾಕು.

ಬೆಂಗಳೂರಿನಲ್ಲಿ ಅಗ್ಗವೆಂದು ಸೂಟ್‌ಕೇಸಿನಲ್ಲಿ ಸೆನ್ಸರು ತರಬೇಡಿ. ಉದಾಹರಣೆಗೆ ಜೀ-ವೇವ್ ಎಂಬ ಸ್ಮಾರ್ಟ್ ಹೋಮ್ ರೇಡಿಯೋ ಭಾರತದಲ್ಲಿ 865 ಮೆಗಾಹರ್ಟ್ಸ್, ಇಲ್ಲಿ 908. ಊರಿಗೆ ವಾಪಸಾಗುವವರು ಇಲ್ಲಿಂದ ಕಂಟೇನರಿಗೆ ತುಂಬಿಕೊಂಡು ಹೋಗುವುದೂ ದಂಡ.

ಉಳಿಸಿಕೊಳ್ಳಬಾರದ್ದು ಒಂದಿದೆ, ಸ್ಮೋಕ್ ಡಿಟೆಕ್ಟರ್. ಫ್ರೀಕ್ವೆನ್ಸಿ ಹೊಂದಿದರೂ ಅದರ ಆಯುಸ್ಸು 10 ವರ್ಷ, ತಯಾರಾದ ತಾರೀಕು ಬೆನ್ನಿನ ಮೇಲೇ ಇರುತ್ತದೆ. ಹೊಸದನ್ನು ಒಲೆಯಿಂದ ಕನಿಷ್ಠ 10 ಅಡಿ ದೂರ ಹಾಕಿಸಿ. ನಮ್ಮ ಮನೆಯದು ಆರೇ ಅಡಿಯಲ್ಲಿತ್ತು. ಒಂದು ಶನಿವಾರ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆಗೆ ಫೈರ್ ಟ್ರಕ್ಕೇ ಬಂದು ಮನೆ ಮುಂದೆ ನಿಂತಿತು. ಹೆಲ್ಮೆಟ್ ಹಾಕಿದ ನಾಲ್ವರು ಅಡುಗೆಮನೆಗೆ ಬಂದು ಬಾಣಲೆ ನೋಡಿ, ಸೀನಿ, ಹೋದರು.